ಹಳೆಯ ಇಪಿಎಬಿಎಕ್ಸ್ ಇಟ್ಟುಕೊಂಡು ಇಂಟರ್ನೆಟ್ ಲೈನ್ ಹಾಕಿಸಬಹುದೇ?

ಪ್ರಶ್ನೆ: ಪಣಂಬೂರಿನಲ್ಲಿ ನಮ್ಮದು ಕಸ್ಟಮ್ಸ್ ಕ್ಲಿಯರಿಂಗ್ ಮತ್ತು ಸರಕು ಸಾಗಣೆಯ ಕಚೇರಿ, ಉಡುಪಿಯಲ್ಲಿ ಒಂದು ಸಣ್ಣ ಶಾಖೆ ಇದೆ. ಇಲ್ಲಿ 4 ತಾಮ್ರದ ಲ್ಯಾಂಡ್‌ಲೈನ್‌ಗಳೂ 24 ಎಕ್ಸ್‌ಟೆನ್ಷನ್‌ಗಳ ಹಳೆಯ ಇಪಿಎಬಿಎಕ್ಸ್ (ಕಚೇರಿಯೊಳಗಿನ ಫೋನ್ ಎಕ್ಸ್‌ಚೇಂಜ್) ಕೂಡ ಇವೆ. ಮಳೆ ಹಿಡಿಯಿತೆಂದರೆ ಲೈನಿನಲ್ಲಿ ಗರಗರ ಸದ್ದು, ಒಮ್ಮೊಮ್ಮೆ ವಾರಗಟ್ಟಲೆ ಲೈನೇ ಇರುವುದಿಲ್ಲ. ಇಂಟರ್ನೆಟ್ ಲೈನ್ ಹಾಕಿಸೋಣವೆಂದರೆ ಒಬ್ಬ ಮಾರಾಟಗಾರರು ಹಳೆಯದನ್ನೆಲ್ಲ ಕಿತ್ತು ಐಪಿ ಪಿಬಿಎಕ್ಸ್, ಎಂದರೆ ಇಂಟರ್ನೆಟ್ ವಿಧಾನದಲ್ಲಿ ನಡೆಯುವ ಎಕ್ಸ್‌ಚೇಂಜ್, ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಇಂಟರ್ನೆಟ್ ಕರೆಯನ್ನು ಹಳೆಯ ಲೈನಿನ ರೂಪಕ್ಕೆ ಬದಲಿಸುವ ಒಂದು ಗೇಟ್‌ವೇ ಪೆಟ್ಟಿಗೆ ಸಾಕು ಎನ್ನುತ್ತಾರೆ. ಮೂರ್ನಾಲ್ಕು ಮಂದಿ ಸಿಬ್ಬಂದಿಗೆ ನೇರ ಸಂಖ್ಯೆಯೂ ಬೇಕಾಗಿದೆ. ನಮ್ಮ 0824 ಸಂಖ್ಯೆಗಳು ಉಳಿಯುತ್ತವೆಯೇ? ಪರಿಚಯದ ಒಂದು ಕಚೇರಿಯಲ್ಲಿ ಹೀಗೆ ಹಾಕಿಸಿದ ಮೇಲೆ ಅವರ ಮಾತು ಹೊರಗಿನವರಿಗೆ ಕೇಳುತ್ತದೆ, ಹೊರಗಿನವರ ಮಾತು ಅವರಿಗೆ ಕೇಳುವುದಿಲ್ಲ. ನಮಗೂ ಹಾಗಾದರೆ ಏನು ಮಾಡುವುದು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಒಂದು ಕಡೆಯ ಮಾತು ಮಾತ್ರ ಕೇಳಿಸುವ ಆ ತೊಂದರೆ ಏಕೆ ಬರುತ್ತದೆ ಎಂಬುದು ತಿಳಿದರೆ, ಯಾವ ಪೆಟ್ಟಿಗೆ ಕೊಳ್ಳಬೇಕು, ಕಂಪನಿಯವರನ್ನು ಏನು ಕೇಳಬೇಕು ಎಂಬುದೂ ಬಹುಮಟ್ಟಿಗೆ ತಿಳಿದಂತೆಯೇ.

ತಾಮ್ರದ ಲೈನಿನಲ್ಲಿ ಗಂಟೆ ಬಡಿಯುವುದೂ ಮಾತು ಹರಿಯುವುದೂ ಒಂದೇ ಜೋಡಿ ತಂತಿಯಲ್ಲಿ. ಇಂಟರ್ನೆಟ್ ಲೈನಿನಲ್ಲಿ ಇವೆರಡೂ ಬೇರೆ ಬೇರೆ. ಯಾರು ಯಾರಿಗೆ ಕರೆ ಮಾಡುತ್ತಿದ್ದಾರೆ, ಆ ಕಡೆ ಗಂಟೆ ಆಗುತ್ತಿದೆಯೇ, ಎತ್ತಿದರೇ, ಇಟ್ಟರೇ ಎಂಬ ಸಂದೇಶಗಳನ್ನು ಸಾಗಿಸುವುದು ಸಿಪ್ ಎಂಬ ವಿಧಾನ; ಇದರ ಇಂದಿನ ನಿಯಮಗಳು 2002ರ ಆರ್‌ಎಫ್‌ಸಿ 3261 ಎಂಬ ದಾಖಲೆಯಲ್ಲಿವೆ ಮತ್ತು ಸಾಮಾನ್ಯವಾಗಿ 5060ನೆಯ ಪೋರ್ಟಿನಲ್ಲಿ, ಎಂದರೆ ಜಾಲದ ಆ ಅಂಕೆಯ ಬಾಗಿಲಿನಲ್ಲಿ, ಇದು ನಡೆಯುತ್ತದೆ. ಮಾತನ್ನು ಸಾಗಿಸುವುದು ಆರ್‌ಟಿಪಿ ಎಂಬ ಇನ್ನೊಂದು ವಿಧಾನ. ಅದು ಪ್ರತಿ ಕರೆಗೂ ಬೇರೆ ಪೋರ್ಟ್ ಹಿಡಿಯುತ್ತದೆ, ಎಷ್ಟೋ ಸಲ ಬೇರೆ ವಿಳಾಸಕ್ಕೇ ಹೋಗುತ್ತದೆ. ನಿಮ್ಮ ಕಸುಬಿನ ಮಾತಿನಲ್ಲೇ ಹೇಳುವುದಾದರೆ, ಶಿಪ್ಪಿಂಗ್ ಬಿಲ್ಲು ಒಂದು ದಾರಿಯಲ್ಲಿ ಹೋಗಿ ಮಂಜೂರಾಗುತ್ತದೆ, ಕಂಟೇನರ್ ಇನ್ನೊಂದು ಗೇಟಿನಿಂದ ಬಂದರಿನೊಳಗೆ ಹೋಗುತ್ತದೆ. ಕಾಗದ ಸರಿಯಾಗಿದೆ ಎಂದ ಮಾತ್ರಕ್ಕೆ ಗೇಟಿನಲ್ಲಿ ಲಾರಿ ನಿಂತಿಲ್ಲ ಎಂದು ಹೇಳುವಂತಿಲ್ಲ. ಪರಿಚಯದ ಕಚೇರಿಯಲ್ಲಿ ಕರೆ ಕೂಡುತ್ತಿದೆ, ಎಂದರೆ ಸಿಪ್ ಸಂದೇಶಗಳಿಗೆ ದಾರಿ ಇದೆ. ಹೊರಗಿನಿಂದ ಬರುವ ಧ್ವನಿ ಮಾತ್ರ ಅವರ ರೌಟರಿನಲ್ಲೋ ಫೈರ್‌ವಾಲಿನಲ್ಲೋ ಸಿಕ್ಕಿಕೊಂಡಿದೆ. ಹೀಗಿರುವಾಗ ಫೋನ್ ಬದಲಿಸಿ, ಇಪಿಎಬಿಎಕ್ಸ್ ಬದಲಿಸಿ ನೋಡುವುದು ದುಡ್ಡು ದಂಡ.

ಈಗ ಪೆಟ್ಟಿಗೆಯ ವಿಷಯ. ಮೊದಲನೆಯದಾಗಿ, ನಿಮಗೆ ಬೇಕಾಗಿರುವುದು ಗರಗರ ಸದ್ದಿಲ್ಲದ ಲೈನ್ ಮಾತ್ರವಾಗಿದ್ದರೆ, ಇಷ್ಟೆಲ್ಲ ಏರ್ಪಾಡೇ ಬೇಡ. ತಾಮ್ರದ ಲೈನನ್ನು ಫೈಬರಿಗೆ ಬದಲಿಸಿಕೊಂಡರೆ ಗೋಡೆಯ ಮೇಲೆ ಓಎನ್‌ಟಿ ಎಂಬ ಸಣ್ಣ ಪೆಟ್ಟಿಗೆ ಬರುತ್ತದೆ. ಅದರ ಬೆನ್ನಿಗೆ ಇರುವ ಫೋನ್ ಪೋರ್ಟಿನಿಂದ ಒಂದು ಸಾಮಾನ್ಯ ಫೋನ್ ತಂತಿಯನ್ನು ಇಪಿಎಬಿಎಕ್ಸಿನಲ್ಲಿ ಹೊರಗಿನ ಲೈನ್ ಸೇರುವ ಟ್ರಂಕ್ ಪೋರ್ಟಿಗೆ ಜೋಡಿಸಿದರೆ ಕೆಲಸ ಮುಗಿಯಿತು. ಒಳಗೆ ಸಿಪ್ ಕೆಲಸವೆಲ್ಲವನ್ನೂ ಆ ಪೆಟ್ಟಿಗೆಯೇ ನೋಡಿಕೊಳ್ಳುತ್ತದೆ; ನಿಮ್ಮ ಇಪಿಎಬಿಎಕ್ಸಿಗೆ ತಾನು ಇನ್ನೂ ತಾಮ್ರದ ಲೈನಿನಲ್ಲೇ ಇದ್ದೇನೆಂಬ ಭಾವನೆ. ಹತ್ತು ಮಂದಿಯೊಳಗಿನ ಕಚೇರಿಗೆ ನಾನು ಹೇಳುವುದು ಇದನ್ನೇ, ಇದರಲ್ಲಿ ಮಾರಾಟಗಾರರಿಗೆ ಲಾಭವಿಲ್ಲವಾದ್ದರಿಂದ ಅವರು ಇದನ್ನು ಹೇಳುವುದು ಕಡಿಮೆ.

ನಿಮಗೆ ನೇರ ಸಂಖ್ಯೆಗಳೂ ಬೇಕಾಗಿರುವುದರಿಂದ ಸಿಪ್ ಟ್ರಂಕ್ ತೆಗೆದುಕೊಳ್ಳುವುದರಲ್ಲಿ ಅರ್ಥವಿದೆ. ಸಿಪ್ ಟ್ರಂಕ್ ಎಂದರೆ ಒಂದೇ ಫೈಬರಿನ ಮೇಲೆ ಏಕಕಾಲಕ್ಕೆ ಇಷ್ಟು ಕರೆ ಎಂದು ಗೊತ್ತುಮಾಡಿಕೊಂಡ ಚಾನೆಲ್‌ಗಳು, ಅವುಗಳ ಮೇಲೆ ಬೇಕಾದಷ್ಟು ಸಂಖ್ಯೆಗಳು. ಹಿಂದಿನ ಪಿಆರ್‌ಐ ಎಂಬ ಡಿಜಿಟಲ್ ಲೈನಿನಲ್ಲಿ 30 ಚಾನೆಲ್‌ಗಳ ಒಂದು ಕಟ್ಟು ಬರುತ್ತಿತ್ತು, ಬೇಕಿರಲಿ ಬೇಡವಿರಲಿ. ಸಿಪ್‌ನಲ್ಲಿ ಅಂತಹ ತಾಂತ್ರಿಕ ಕಟ್ಟುಪಾಡಿಲ್ಲ, ಆದರೂ ಕನಿಷ್ಠ ಇಷ್ಟು ಚಾನೆಲ್ ತೆಗೆದುಕೊಳ್ಳಬೇಕೆಂಬ ವ್ಯಾಪಾರದ ಷರತ್ತು ಇರುವುದುಂಟು, ವಿಚಾರಿಸಿಕೊಳ್ಳಿ.

ಹಳೆಯ ಇಪಿಎಬಿಎಕ್ಸನ್ನು ಕಿತ್ತು ಬಿಸಾಡುವ ಅಗತ್ಯ ನನಗೆ ಕಾಣುವುದಿಲ್ಲ. ಗೇಟ್‌ವೇ ಒಂದೇ ಸಾಕೆಂಬ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಗೇಟ್‌ವೇ ಮಾತ್ರ ಹಾಕಿದರೆ ಹೊರಗಿನ ಕರೆ ಯಾವ ಸಂಖ್ಯೆಗೆ ಬಂತೆಂಬ ವಿವರ ಇಪಿಎಬಿಎಕ್ಸಿನವರೆಗೆ ತಲುಪುವುದಿಲ್ಲ. ಅದಕ್ಕೆ ಗೊತ್ತಾಗುವುದು ಯಾವ ಟ್ರಂಕ್ ಪೋರ್ಟಿನಲ್ಲಿ ಗಂಟೆ ಆಯಿತು ಎಂಬುದಷ್ಟೇ. ಒಂದು ನೇರ ಸಂಖ್ಯೆಗೆ ಒಂದು ಪೋರ್ಟನ್ನೇ ಮೀಸಲಿಡುತ್ತಾ ಹೋದರೆ ಇರುವ 4 ಪೋರ್ಟುಗಳು ಅಲ್ಲಿಗೇ ಮುಗಿದುಹೋಗುತ್ತವೆ. ಆದುದರಿಂದ ಮುಂದೆ ಒಂದು ಸಣ್ಣ ಐಪಿ ಪಿಬಿಎಕ್ಸ್, ಅದರ ಹಿಂದೆ ಗೇಟ್‌ವೇ, ಅದರ ಹಿಂದೆ ನಿಮ್ಮ ಹಳೆಯ ಇಪಿಎಬಿಎಕ್ಸ್ ಎಂಬ ಸಾಲು ನಿಮಗೆ ಹೊಂದುತ್ತದೆ. ಸಿಪ್ ಟ್ರಂಕ್ ಐಪಿ ಪಿಬಿಎಕ್ಸಿಗೆ ಬರುತ್ತದೆ. ನೇರ ಸಂಖ್ಯೆ ಬೇಕಾದವರ ಮೇಜಿಗೆ ಮಾತ್ರ ಐಪಿ ಫೋನ್. ಉಳಿದವರ ಹಳೆಯ ಫೋನುಗಳು ಇದ್ದಲ್ಲೇ ಇರುತ್ತವೆ. ಮುಂದೆ ಯಾವ ಮೇಜನ್ನು ಯಾವಾಗ ಬದಲಿಸಬೇಕೋ ಆಗ ಬದಲಿಸಬಹುದು. 1999ರಲ್ಲಿ ಮಾರ್ಕ್ ಸ್ಪೆನ್ಸರ್ ಆರಂಭಿಸಿದ ಆಸ್ಟರಿಸ್ಕ್ ಎಂಬ ಮುಕ್ತ ತಂತ್ರಾಂಶದಿಂದಾಗಿ ಇಂತಹ ಐಪಿ ಪಿಬಿಎಕ್ಸನ್ನು ಒಂದು ಸಾಧಾರಣ ಕಂಪ್ಯೂಟರಿನಲ್ಲೂ ನಡೆಸಬಹುದು, ಆದರೆ ಅದನ್ನು ನೋಡಿಕೊಳ್ಳುವವರು ಊರಿನಲ್ಲೇ ಸಿಗುತ್ತಾರೆಯೇ ಎಂದು ಮೊದಲು ನೋಡಿ. ಸಿಗದಿದ್ದರೆ ದುರಸ್ತಿಯವರು ಕರೆದಾಗ ಬರುವಂತಹ, ತಯಾರಾದ ಪೆಟ್ಟಿಗೆಯನ್ನೇ ಕೊಳ್ಳುವುದು ಲೇಸು. ನಿಮ್ಮ ಇಪಿಎಬಿಎಕ್ಸಿಗೇ ಇಂಟರ್ನೆಟ್ ವಿಧಾನದ ಕರೆ ತೆಗೆದುಕೊಳ್ಳುವ ವಿಓಐಪಿ ಕಾರ್ಡ್ ಸಿಗುತ್ತದೆಯೇ ಎಂದು ತಯಾರಕರನ್ನು ಕೇಳುವುದನ್ನು ಮರೆಯಬೇಡಿ. ಸಿಕ್ಕಿದರೆ ಮುಂದಿನ ಪೆಟ್ಟಿಗೆಯೇ ಬೇಡವಾಗಬಹುದು.

ಗೇಟ್‌ವೇ ಕೊಳ್ಳುವಾಗ ಬಹಳ ಕಡೆ ಒಂದೇ ಬಗೆಯ ಎಡವಟ್ಟು ಆಗುತ್ತದೆ. ಗೇಟ್‌ವೇಗಳಲ್ಲಿ ಎಫ್‌ಎಕ್ಸ್‌ಎಸ್, ಎಫ್‌ಎಕ್ಸ್‌ಓ ಎಂದು ಎರಡು ಬಗೆ. ಡಯಲ್ ಟೋನ್ ಕೊಟ್ಟು ಗಂಟೆ ಬಾರಿಸುವುದು ಎಫ್‌ಎಕ್ಸ್‌ಎಸ್. ಡಯಲ್ ಟೋನ್ ಪಡೆದುಕೊಳ್ಳುವುದು ಎಫ್‌ಎಕ್ಸ್‌ಓ. ನಿಮ್ಮ ಇಪಿಎಬಿಎಕ್ಸಿನ ಟ್ರಂಕ್ ಪೋರ್ಟ್ ಹೊರಗಿನಿಂದ ಡಯಲ್ ಟೋನ್ ನಿರೀಕ್ಷಿಸುತ್ತದೆಯಾದ್ದರಿಂದ ಅದಕ್ಕೆ ಜೋಡಿಸಬೇಕಾದುದು ಎಫ್‌ಎಕ್ಸ್‌ಎಸ್ ಗೇಟ್‌ವೇ. ಉಳಿಸಿಕೊಳ್ಳುವ ತಾಮ್ರದ ಅಥವಾ ಓಎನ್‌ಟಿಯ ಲೈನನ್ನು ಐಪಿ ಪಿಬಿಎಕ್ಸಿಗೆ ತರಬೇಕಾದರೆ ಮಾತ್ರ ಎಫ್‌ಎಕ್ಸ್‌ಓ ಬೇಕು. ಬಿಲ್ಲಿನಲ್ಲಿ ಬರಿಯ ‘4 ಪೋರ್ಟ್ ಗೇಟ್‌ವೇ’ ಎಂದು ಬರೆದಿದ್ದರೆ ಯಾವ ಬಗೆ ಎಂದು ಬರೆಸಿಕೊಳ್ಳಿ.

ಗೇಟ್‌ವೇ ಮತ್ತು ಇಪಿಎಬಿಎಕ್ಸಿನ ನಡುವೆ ಇನ್ನೂ ಒಂದು ಸೂಕ್ಷ್ಮವಿದೆ. ಹೊರಗಿನವರು ಫೋನ್ ಇಟ್ಟರೂ ಇಪಿಎಬಿಎಕ್ಸಿಗೆ ಅದು ತಿಳಿಯದೆ ಲೈನ್ ಹಿಡಿದುಕೊಂಡೇ ಕುಳಿತಿರುವುದು ಬಹಳ ಸಾಮಾನ್ಯ. ಸಂಜೆಯ ಹೊತ್ತಿಗೆ ನಾಲ್ಕೂ ಪೋರ್ಟ್ ಹೀಗೆ ಸಿಕ್ಕಿಕೊಂಡರೆ ‘ಲೈನ್ ಬ್ಯುಸಿ’ ಎಂಬ ದೂರು ಬರುತ್ತದೆ, ದೋಷ ಮಾತ್ರ ಕಂಪನಿಯದಲ್ಲ. ಕರೆ ಮುಗಿದಾಗ ಧ್ರುವ ಬದಲಿಸುವ ವ್ಯವಸ್ಥೆ, ಎಂದರೆ ಪೋಲಾರಿಟಿ ರಿವರ್ಸಲ್, ಎರಡೂ ಕಡೆ ಇದ್ದರೆ ಅದನ್ನು ಚಾಲೂ ಮಾಡಿಸಿ. ಇಲ್ಲದಿದ್ದರೆ ಬ್ಯುಸಿ ಟೋನ್ ಕೇಳಿ ಲೈನ್ ಬಿಡುವಂತೆ ಇಪಿಎಬಿಎಕ್ಸಿಗೆ ಹೇಳಿಸಬೇಕು, ಗೇಟ್‌ವೇಯಲ್ಲಿ ದೇಶ ಭಾರತವೆಂದು ಆರಿಸಬೇಕು. ನಮ್ಮ ದೇಶದ ಬ್ಯುಸಿ ಟೋನ್ 400 ಹರ್ಟ್ಸ್, 0.75 ಸೆಕೆಂಡ್ ಸದ್ದು, 0.75 ಸೆಕೆಂಡ್ ಮೌನ. ಹೊರದೇಶದಿಂದ ಬಂದ ಗೇಟ್‌ವೇಯಲ್ಲಿ ಅಮೆರಿಕದ ಟೋನ್ ಹಾಗೆಯೇ ಉಳಿದಿದ್ದರೆ ಇಪಿಎಬಿಎಕ್ಸ್ ಅದನ್ನು ಗುರುತಿಸದೆ ಹೋಗುತ್ತದೆ. ಕರೆ ಮಾಡಿದವರ ಸಂಖ್ಯೆ ಫೋನಿನಲ್ಲಿ ಕಾಣದಿದ್ದರೂ ಇದೇ ಜಾಗದಲ್ಲಿ ಹುಡುಕಿ: ಇಲ್ಲಿನ ಹಳೆಯ ಯಂತ್ರಗಳು ಹಲವು, ಗಂಟೆ ಆಗುವ ಮೊದಲೇ ಡಿಟಿಎಂಎಫ್ ರೂಪದಲ್ಲಿ, ಎಂದರೆ ಗುಂಡಿ ಒತ್ತಿದಾಗ ಬರುವಂತಹ ಸ್ವರಗಳಾಗಿ, ಸಂಖ್ಯೆ ಬರಬೇಕೆಂದು ಕಾಯುತ್ತವೆ.

ಇನ್ನು ಟ್ರಂಕ್ ನಿಮ್ಮ ಕಚೇರಿಗೆ ಹೇಗೆ ಬರುತ್ತದೆ ಎಂಬುದು. ಹೊರದೇಶದ ಕೈಪಿಡಿಗಳನ್ನು ನೋಡಿದರೆ ಎಲ್ಲವೂ ಬಳಕೆದಾರರ ಹೆಸರು, ಪಾಸ್‌ವರ್ಡ್, ರಿಜಿಸ್ಟ್ರೇಷನ್ ಎಂದೇ ಇರುತ್ತದೆ. ನಮ್ಮಲ್ಲಿ ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೋ, ಟಾಟಾ ಟೆಲಿಯಂತಹ ಪರವಾನಗಿ ಪಡೆದ ಕಂಪನಿಗಳು ಕಚೇರಿಗಳಿಗೆ ಸಿಪ್ ಟ್ರಂಕ್ ಕೊಡುವಾಗ ಸಾಮಾನ್ಯವಾಗಿ ಅದನ್ನು ಬಯಲಿನ ಇಂಟರ್ನೆಟ್ಟಿನ ಮೇಲೆ ಕೊಡದೆ, ತಮ್ಮದೇ ಫೈಬರಿನ ಮೇಲೆ ಪ್ರತ್ಯೇಕ ಖಾಸಗಿ ಐಪಿ ವಿಳಾಸದಲ್ಲಿ ಕೊಡುತ್ತವೆ. ಪಾಸ್‌ವರ್ಡ್ ಇರುವುದಿಲ್ಲ, ಆ ವಿಳಾಸದಿಂದ ಬಂದರೆ ನೀವೇ ಎಂದು ಅವರು ನಂಬುತ್ತಾರೆ. ನಿಮಗೆ ಒಂದು ಕಾಗದದಲ್ಲಿ ನಿಮ್ಮ ಕಡೆಯ ವಿಳಾಸ, ಅವರ ಕಡೆಯ ಜಾಲದ ಬಾಗಿಲಿನ (ಅದನ್ನೂ ಗೇಟ್‌ವೇ ಎನ್ನುತ್ತಾರೆ) ವಿಳಾಸ, ಸಿಪ್ ಸಂದೇಶಗಳಿಗೆ ಒಂದು ವಿಳಾಸ, ಧ್ವನಿಗೆ ಇನ್ನೊಂದು ವಿಳಾಸ ಅಥವಾ ವಿಳಾಸಗಳ ಒಂದು ಗುಂಪು, ಇಷ್ಟು ಬರೆದು ಕೊಡುತ್ತಾರೆ. ಆ ಕಾಗದವನ್ನು ಜೋಪಾನವಾಗಿಡಿ.

ಅನುಸ್ಥಾಪಿಸುವವರು ಮೊದಲ ದಿನ ತಪ್ಪುವುದು ಇಲ್ಲೇ. ಐಪಿ ಪಿಬಿಎಕ್ಸಿನಲ್ಲಿ ಎರಡು ಜಾಲ ಪೋರ್ಟ್ ಇರಬೇಕು, ಒಂದು ಕಚೇರಿಯ ಜಾಲಕ್ಕೆ, ಒಂದು ಈ ಫೈಬರಿಗೆ. ಪೆಟ್ಟಿಗೆಯ ಸಾಮಾನ್ಯ ದಾರಿ, ಎಂದರೆ ಡಿಫಾಲ್ಟ್ ಗೇಟ್‌ವೇ, ಕಚೇರಿಯ ಇಂಟರ್ನೆಟ್ ಕಡೆಗಿರುತ್ತದೆ. ಸಿಪ್ ವಿಳಾಸಕ್ಕೆ ಮಾತ್ರ ಈ ಫೈಬರಿನ ಕಡೆಗೆ ಸ್ಥಿರ ದಾರಿ (ಸ್ಟ್ಯಾಟಿಕ್ ರೂಟ್) ಬರೆದು, ಧ್ವನಿಯ ವಿಳಾಸಕ್ಕೆ ಬರೆಯುವುದನ್ನು ಬಿಟ್ಟರೆ ಕರೆ ಚೆನ್ನಾಗಿ ಕೂಡುತ್ತದೆ, ಗಂಟೆಯೂ ಆಗುತ್ತದೆ. ಆದರೆ ನಿಮ್ಮ ಮಾತು ಇಂಟರ್ನೆಟ್ ಕಡೆಗೆ ಹೊರಟು ಎಲ್ಲೋ ಕಳೆದುಹೋಗುತ್ತದೆ. ಎರಡೂ ವಿಳಾಸಗಳಿಗೆ, ಅವರು ಗುಂಪು ಕೊಟ್ಟಿದ್ದರೆ ಇಡೀ ಗುಂಪಿಗೆ, ಸ್ಥಿರ ದಾರಿ ಬರೆಯಿಸಿ. ಹಾಗೆಯೇ ಪಿಬಿಎಕ್ಸ್ ತನ್ನ ಸಂದೇಶದೊಳಗೆ ‘ಧ್ವನಿಯನ್ನು ಈ ವಿಳಾಸಕ್ಕೆ ಕಳಿಸಿ’ ಎಂದು ಬರೆಯುವಾಗ ಕಚೇರಿಯ ಒಳ ವಿಳಾಸವನ್ನು ಬರೆದುಬಿಟ್ಟರೆ ಆ ಕಡೆಯ ಧ್ವನಿ ಬರುವುದಿಲ್ಲ. ನಿಮ್ಮ ಪರಿಚಯದವರ ಕಚೇರಿಯಲ್ಲಿ ಆಗಿರುವುದು ಬಹುಶಃ ಇದೇ. ಅಥವಾ ಅವರದು ಸಾಮಾನ್ಯ ಇಂಟರ್ನೆಟ್ ಮೇಲಿನ ಲೈನ್ ಆಗಿದ್ದರೆ, ರೌಟರಿನಲ್ಲಿರುವ ‘ಸಿಪ್ ಎಎಲ್‌ಜಿ’ ಎಂಬ ಸೌಲಭ್ಯ ಸಂದೇಶದೊಳಗಿನ ವಿಳಾಸವನ್ನು ಕೆಡಿಸುತ್ತಿರಬಹುದು. ಸಹಾಯ ಮಾಡಲೆಂದು ಇಟ್ಟಿರುವ ಆ ಸೌಲಭ್ಯ ಮಾಡುವುದು ಹೆಚ್ಚಾಗಿ ಉಪದ್ರವವೇ. ಅದನ್ನು ಆಫ್ ಮಾಡಿ ಒಮ್ಮೆ ಕರೆ ಮಾಡಿ ನೋಡಲು ಹೇಳಿ.

ಕಂಪನಿಯವರಿಂದ ಲಿಖಿತವಾಗಿ ಪಡೆಯಬೇಕಾದ ಇನ್ನೂ ಕೆಲವು ವಿವರಗಳಿವೆ. ಹೊರಹೋಗುವ ಕರೆಯಲ್ಲಿ ಸಂಖ್ಯೆ ಯಾವ ರೂಪದಲ್ಲಿರಬೇಕು: +91 ಸೇರಿಸಿಯೇ, 0 ಸೇರಿಸಿಯೇ, ಅಥವಾ ಬರಿಯ 10 ಅಂಕೆಯೇ? ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲಿಗೆ 0 ಒತ್ತಬೇಕೆಂಬ ನಿಯಮ 2021ರ ಜನವರಿ 15ರಿಂದ ಇದೆ. ನಿಮ್ಮಲ್ಲಿ ಹೊರ ಲೈನಿಗೂ 0 ಒತ್ತುವ ರೂಢಿಯಿದ್ದರೆ ಸಿಬ್ಬಂದಿ ಎರಡು ಸಲ 0 ಒತ್ತುತ್ತಿರುತ್ತಾರೆ. ಆ ಅಭ್ಯಾಸವನ್ನು ಬದಲಿಸಲು ಹೋಗಬೇಡಿ, ಒಳಗೆ ಪಿಬಿಎಕ್ಸಿನಲ್ಲೇ ಅಂಕೆಗಳನ್ನು ಕಂಪನಿಗೆ ಬೇಕಾದ ರೂಪಕ್ಕೆ ತಿದ್ದಿಸಿ. 112 ಮತ್ತು 108 ಮಾತ್ರ ಮುಂದೆ ಏನೂ ಸೇರಿಸದೆ, ಯಾವ ಫೋನಿನಿಂದ ಒತ್ತಿದರೂ ಹೋಗುವಂತಿರಬೇಕು. ವಿದ್ಯುತ್ ಕಂಪನಿ ಮೆಸ್ಕಾಂನ 1912ನ್ನೂ ಅದೇ ಪಟ್ಟಿಗೆ ಸೇರಿಸಿದರೆ ಮಳೆಗಾಲದಲ್ಲಿ ಅನುಕೂಲ. ಕರೆ ಮಾಡಿದವರೆಂದು ಕಾಣಿಸುವ ಸಂಖ್ಯೆ ನಿಮಗೆ ಹಂಚಿಕೆಯಾದ ಸಂಖ್ಯೆಗಳಲ್ಲಿ ಒಂದಾಗಿರಬೇಕು. ಎಕ್ಸ್‌ಟೆನ್ಷನ್ ಸಂಖ್ಯೆಯನ್ನೇ ಕಳಿಸಿದರೆ ಕಂಪನಿ ಕರೆಯನ್ನು ತಿರಸ್ಕರಿಸುತ್ತದೆ.

ಧ್ವನಿಯನ್ನು ಅಂಕೆಗಳಾಗಿ ಮಾಡುವ ವಿಧಾನಕ್ಕೆ ಕೊಡೆಕ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಬಳಕೆಯಲ್ಲಿರುವುದು ಜಿ.711ರ ಎ-ಲಾ ಬಗೆ. ಅಮೆರಿಕ ಮತ್ತು ಜಪಾನಿನದು ಮ್ಯೂ-ಲಾ. ಪಟ್ಟಿಯಲ್ಲಿ ಎ-ಲಾ ಮೊದಲಿರಲಿ. ಜಿ.729 ಎಂಬುದು ಧ್ವನಿಯನ್ನು ಸೆಕೆಂಡಿಗೆ 64 ಕಿಲೋಬಿಟ್‌ನಿಂದ 8 ಕಿಲೋಬಿಟ್‌ಗೆ ಇಳಿಸುತ್ತದೆ, ಆದರೆ ಫೈಬರ್ ಇರುವ ಕಚೇರಿಯಲ್ಲಿ ಆ ಉಳಿತಾಯಕ್ಕೆ ಬೆಲೆಯಿಲ್ಲ, ಮಾತಿನ ಸ್ಪಷ್ಟತೆ ಕುಂದುವುದೊಂದೇ ಫಲ. ಅಲ್ಲದೆ ‘ಕನ್ನಡಕ್ಕಾಗಿ 1 ಒತ್ತಿ’ ಎಂಬಲ್ಲಿ ಒತ್ತಿದ ಅಂಕೆಗಳನ್ನು ಧ್ವನಿಯೊಳಗೇ ಕಳಿಸುವಂತೆ ಇಟ್ಟಿದ್ದರೆ ಜಿ.729 ಅವುಗಳನ್ನು ನುಂಗಿಹಾಕುತ್ತದೆ. ಬ್ಯಾಂಕಿಗೋ ಹಡಗು ಕಂಪನಿಗೋ ಕರೆ ಮಾಡಿ ಅಂಕೆ ಒತ್ತಿದರೆ ಕೆಲಸವಾಗುತ್ತಿಲ್ಲ ಎಂಬ ದೂರಿನ ಮೂಲ ಇದು. ಡಿಟಿಎಂಎಫ್ ವಿಧಾನವನ್ನು ಆರ್‌ಎಫ್‌ಸಿ 2833 ಅಥವಾ ಅದರ ಹೊಸ ರೂಪವಾದ 4733ಕ್ಕೆ ಇಡಿಸಿ, ಗೇಟ್‌ವೇಯಲ್ಲೂ ಅದೇ ಇರಲಿ.

ವೇಗದ ಬಗ್ಗೆ ನೀವು ಕೇಳಿಲ್ಲ, ಆದರೆ ಮಾರಾಟಗಾರರು ಖಂಡಿತ ಹೇಳುತ್ತಾರೆ. ಜಿ.711ರಲ್ಲಿ ಒಂದು ಕರೆಗೆ, ಧ್ವನಿಯ ತುಣುಕುಗಳಿಗೆ ಸುತ್ತುವ ವಿಳಾಸ ಮುಂತಾದ ಹೊದಿಕೆ ಎಲ್ಲ ಸೇರಿ, ಪ್ರತಿ ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು 87 ಕಿಲೋಬಿಟ್ ಸಾಕು. 10 ಕರೆ ಒಟ್ಟಿಗೆ ನಡೆದರೂ 1 ಮೆಗಾಬಿಟ್ ತುಂಬುವುದಿಲ್ಲ. ಧ್ವನಿ ಒಡೆಯುವುದು ವೇಗ ಸಾಲದೆ ಅಲ್ಲ, ಸರದಿಯಲ್ಲಿ ಕಾಯಬೇಕಾಗಿ ಬಂದು. ನಿಮ್ಮ ಕಚೇರಿಯಲ್ಲಿ ಬಿಲ್ ಆಫ್ ಲೇಡಿಂಗ್, ಇನ್‌ವಾಯ್ಸ್ ಎಂದು ದಿನವಿಡೀ ದೊಡ್ಡ ಸ್ಕ್ಯಾನ್ ಕಡತಗಳು ಮೇಲೆ ಹೋಗುತ್ತಿರುತ್ತವೆ. ಐಪಿ ಫೋನುಗಳೂ ಕಂಪ್ಯೂಟರುಗಳೂ ಒಂದೇ ಜಾಲದಲ್ಲಿದ್ದು, ಟ್ರಂಕ್ ಕೂಡ ಅದೇ ಇಂಟರ್ನೆಟ್ಟಿನ ಮೇಲಿದ್ದರೆ, ಅಂತಹ ಒಂದು ಕಡತ ರೌಟರಿನ ಬಾಯಿಯನ್ನು ಮುಚ್ಚಿದ ಕ್ಷಣದಲ್ಲಿ ಧ್ವನಿಯ ತುಣುಕುಗಳು ಹಿಂದೆ ಉಳಿಯುತ್ತವೆ. ಫೋನುಗಳಿಗೆ ಸ್ವಿಚ್ಚಿನಲ್ಲಿ ವಿಎಲ್‌ಎಎನ್ ಎಂಬ ಪ್ರತ್ಯೇಕ ಒಳಜಾಲ ಮಾಡಿಸಿ, ಧ್ವನಿಗೆ ಡಿಎಸ್‌ಸಿಪಿ 46 ಎಂಬ ಗುರುತು ಹಾಕಿಸಿ ಅದಕ್ಕೆ ಮೊದಲ ಸರದಿ ಕೊಡಿಸಿ. ಟ್ರಂಕ್ ಪ್ರತ್ಯೇಕ ಫೈಬರಿನಲ್ಲಿದ್ದರೆ ಈ ತೊಂದರೆಯ ಬಹುಪಾಲು ಹುಟ್ಟುವುದೇ ಇಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) ಹೇಳುವಂತೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಮಾತುಕತೆಗೆ ತೊಡಕಾಗುವುದಿಲ್ಲ. ತುಣುಕುಗಳ ನಷ್ಟ ಶೇ. 1ನ್ನು ದಾಟಬಾರದೆಂಬುದು ಈ ಕೆಲಸದವರು ಇಟ್ಟುಕೊಂಡಿರುವ ಅಳತೆ.

ಕೆಟ್ಟಾಗ ಹೇಗೆ ಕೆಟ್ಟಿತು ಎಂಬುದನ್ನು ಸಿಬ್ಬಂದಿ ಗಡಿಯಾರ ನೋಡಿ ಬರೆದಿಟ್ಟರೆ ಅರ್ಧ ಕೆಲಸ ಆದಂತೆ. ಎತ್ತಿದ ಅರ್ಧ ನಿಮಿಷಕ್ಕೆ ಸರಿಯಾಗಿ ಕರೆ ಕಡಿಯುತ್ತಿದ್ದರೆ, ‘ಎತ್ತಿದ್ದಾರೆ’ ಎಂಬ ಸಂದೇಶಕ್ಕೆ ಹೋಗಬೇಕಾದ ಮರುತ್ತರ ತಲುಪುತ್ತಿಲ್ಲವೆಂದು ತಿಳಿಯಬೇಕು. ಸಿಪ್ ಪೆಟ್ಟಿಗೆ 32 ಸೆಕೆಂಡ್ ಕಾದು ಕೈಬಿಡುತ್ತದೆ. 15 ಅಥವಾ 30 ನಿಮಿಷಕ್ಕೆ ಸರಿಯಾಗಿ ಕಡಿಯುತ್ತಿದ್ದರೆ ಅದು ಸೆಷನ್ ಟೈಮರಿನ ತಕರಾರು: ದೀರ್ಘ ಕರೆ ಇನ್ನೂ ಜೀವಂತವಿದೆಯೇ ಎಂದು ಒಂದು ಕಡೆಯ ಪೆಟ್ಟಿಗೆ ಕೇಳಿದ್ದಕ್ಕೆ ಇನ್ನೊಂದು ಉತ್ತರಿಸುತ್ತಿಲ್ಲ. ಹೊರಗೆ ಕರೆ ಹೋಗುತ್ತದೆ, ಒಳಗೆ ಒಮ್ಮೊಮ್ಮೆ ಮಾತ್ರ ಬರುತ್ತದೆ ಎಂದಾದರೆ, ರಿಜಿಸ್ಟ್ರೇಷನ್ ಬಗೆಯ ಲೈನಿನಲ್ಲಿ ರೌಟರ್ ತಾನು ತೆರೆದಿಟ್ಟ ಕಿಂಡಿಯನ್ನು ಮಧ್ಯೆ ಮುಚ್ಚುತ್ತಿದೆ. ಪಿಬಿಎಕ್ಸಿನ ದಾಖಲೆಯಲ್ಲಿ ಕಾಣುವ ಅಂಕೆಗಳೂ ಮಾತನಾಡುತ್ತವೆ. ರಿಜಿಸ್ಟ್ರೇಷನ್ ಬಗೆಯ ಲೈನಿನಲ್ಲಿ 401 ಕಂಡರೆ ಗಾಬರಿ ಬೇಡ, ಪಾಸ್‌ವರ್ಡ್ ಕೇಳುವ ಸಹಜ ಹೆಜ್ಜೆ ಅದು. 403 ಎಂದರೆ ಕಂಪನಿ ಒಪ್ಪುತ್ತಿಲ್ಲ, ಹೆಚ್ಚಾಗಿ ನೀವು ಕಳಿಸಿದ ಸ್ವಂತ ಸಂಖ್ಯೆ ತಪ್ಪಿರುತ್ತದೆ. 404 ಬಂದರೆ ಒತ್ತಿದ ಸಂಖ್ಯೆಯ ರೂಪ ನೋಡಿ. 488 ಎಂದರೆ ಕೊಡೆಕ್ ಹೊಂದಲಿಲ್ಲ. 503 ಎಂದರೆ ಆ ಕಡೆ ಸದ್ಯ ಕರೆ ತೆಗೆದುಕೊಳ್ಳುವ ಸ್ಥಿತಿಯಲ್ಲಿಲ್ಲ; ಕೊಂಡ ಚಾನೆಲ್‌ಗಳೆಲ್ಲ ತುಂಬಿದಾಗಲೂ ಇದು ಬರುವುದುಂಟು. ದೂರು ಕೊಡುವಾಗ ‘ಫೋನ್ ಸರಿಯಿಲ್ಲ’ ಎನ್ನದೆ, ಇಂಥ ಗಂಟೆಗೆ ಇಂಥ ಸಂಖ್ಯೆಗೆ ಮಾಡಿದ ಕರೆಗೆ ಈ ಅಂಕೆ ಬಂತು ಎಂದರೆ ದೂರು ಸರಿಯಾದ ಮೇಜಿಗೆ ಹೋಗುತ್ತದೆ.

ಸಂಖ್ಯೆಗಳ ವಿಷಯ. ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ನಮ್ಮ ದೇಶದಲ್ಲಿ ಇರುವುದು ಮೊಬೈಲಿಗೆ, ಲ್ಯಾಂಡ್‌ಲೈನಿಗಲ್ಲ. ಆದುದರಿಂದ ಬೇರೆ ಕಂಪನಿಯ ಸಿಪ್ ಟ್ರಂಕ್ ತೆಗೆದುಕೊಂಡರೆ ಹೊಸ 0824 ಸಂಖ್ಯೆಗಳೇ ಬರುತ್ತವೆ. ‘ಹಳೆಯ ಸಂಖ್ಯೆ ತರಿಸಿಕೊಡುತ್ತೇವೆ’ ಎಂದು ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ ಕಾಗದದ ಮೇಲೆ ಕೊಡಲು ಹೇಳಿ. ನನ್ನ ಸಲಹೆ ಇಷ್ಟು: ಗ್ರಾಹಕರಿಗೆ ಬಾಯಿಪಾಠವಾಗಿರುವ ಒಂದು ಅಥವಾ ಎರಡು ಸಂಖ್ಯೆಗಳನ್ನು ಈಗಿನ ಕಂಪನಿಯಲ್ಲೇ ಇಟ್ಟು, ಅವನ್ನು ತಾಮ್ರದಿಂದ ಫೈಬರಿಗೆ ಬದಲಿಸಿಕೊಡಲು ಅರ್ಜಿ ಕೊಡಿ, ಬಿಎಸ್‌ಎನ್‌ಎಲ್‌ನಲ್ಲಿ ಹಾಗೆ ಬದಲಿಸುವಾಗ ಹಳೆಯ ಸಂಖ್ಯೆ ಉಳಿಸಿಕೊಡುವ ವ್ಯವಸ್ಥೆ ಇದೆ. ಆ ಓಎನ್‌ಟಿಯ ಫೋನ್ ಪೋರ್ಟನ್ನು ಎಫ್‌ಎಕ್ಸ್‌ಓ ಮೂಲಕ ಹೊಸ ಪಿಬಿಎಕ್ಸಿಗೆ ತನ್ನಿ. ಹೊರಹೋಗುವ ಕರೆ ಮತ್ತು ನೇರ ಸಂಖ್ಯೆಗಳು ಸಿಪ್ ಟ್ರಂಕಿನ ಮೇಲೆ ಇರಲಿ. ಎರಡು ಕಂಪನಿಗಳ ಲೈನ್ ಇದ್ದಂತೆಯೂ ಆಯಿತು.

ಆದರೆ ಎರಡು ಲೈನ್ ಇದೆಯೆಂದು ನಿಶ್ಚಿಂತರಾಗುವ ಮೊದಲು ಒಮ್ಮೆ ಹೊರಗೆ ಬಂದು ಕಂಬ ನೋಡಿ. ಎರಡೂ ಫೈಬರ್ ಒಂದೇ ಕಂಬದ ಮೇಲೆ, ಒಂದೇ ಮರದ ಕೊಂಬೆಯ ಕೆಳಗೆ ಬಂದಿದ್ದರೆ ಜೂನಿನ ಗಾಳಿಗೆ ಎರಡೂ ಒಟ್ಟಿಗೇ ಬೀಳುತ್ತವೆ. ಅಲ್ಲದೆ ಖಾಸಗಿ ವಿಳಾಸದಲ್ಲಿ ಬರುವ ಸಿಪ್ ಟ್ರಂಕ್ ಆ ಕಂಪನಿಯ ಫೈಬರ್ ಕಡಿದಾಗ ಇನ್ನೊಂದು ಕಂಪನಿಯ ಇಂಟರ್ನೆಟ್ಟಿನ ಮೇಲೆ ತಾನಾಗಿ ಬರುವುದಿಲ್ಲ. ನಿಮ್ಮ ಪೆಟ್ಟಿಗೆ ಸಿಗದಿದ್ದಾಗ ಕರೆಗಳನ್ನು ಒಂದು ಮೊಬೈಲಿಗೆ ತಿರುಗಿಸುವ ಏರ್ಪಾಡನ್ನು ಕಂಪನಿಯ ಕಡೆಯಲ್ಲೇ ಮಾಡಿಸಿಡಬೇಕು. ನಿಮ್ಮ ಪಿಬಿಎಕ್ಸಿನಲ್ಲಿ ಮಾಡಿಟ್ಟ ತಿರುವು ಆ ಹೊತ್ತಿನಲ್ಲಿ ಉಪಯೋಗಕ್ಕೆ ಬರದು.

ಕರೆಂಟಿನ ವಿಷಯವನ್ನು ಬಹಳ ಮಂದಿ ಮೊದಲ ಮಳೆಯ ದಿನವೇ ಕಲಿಯುತ್ತಾರೆ. ತಾಮ್ರದ ಲೈನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಬರುತ್ತಿತ್ತು, ಕಚೇರಿಯಲ್ಲಿ ಕರೆಂಟ್ ಇಲ್ಲದಿದ್ದರೂ ಲೈನಿಗೆ ನೇರವಾಗಿ ಜೋಡಿಸಿದ ಫೋನ್ ಕೆಲಸ ಮಾಡುತ್ತಿತ್ತು. ಗಾಜಿನ ಎಳೆಯಲ್ಲಿ ಕರೆಂಟ್ ಬರುವುದಿಲ್ಲ. ಓಎನ್‌ಟಿ, ಸ್ವಿಚ್, ಪಿಬಿಎಕ್ಸ್, ಗೇಟ್‌ವೇ, ಹಳೆಯ ಇಪಿಎಬಿಎಕ್ಸ್ ಇವುಗಳಲ್ಲಿ ಒಂದು ಆರಿದರೂ ಫೋನ್ ಇಲ್ಲ. ಇವಕ್ಕೆ ಕಂಪ್ಯೂಟರುಗಳ ಯುಪಿಎಸ್ ಬೇಡ, ಪ್ರಿಂಟರು ಜೋಡಿಸಲಾಗದ ಪ್ರತ್ಯೇಕ ಯುಪಿಎಸ್ ಕೊಡಿ. ಐಪಿ ಫೋನುಗಳಿಗೆ ಸ್ವಿಚ್ಚಿನಿಂದಲೇ ವಿದ್ಯುತ್ ಕೊಡುವ ಪಿಓಇ ಬಗೆ ಆರಿಸಿದರೆ ಅವೂ ಅದೇ ಯುಪಿಎಸ್ ಮೇಲೆ ಬರುತ್ತವೆ. ಏಪ್ರಿಲ್-ಮೇ ತಿಂಗಳಿನ ಸಿಡಿಲಿಗೆ ಇಲ್ಲಿ ಸುಟ್ಟುಹೋಗುವುದು ಹೆಚ್ಚಾಗಿ ಟ್ರಂಕ್ ಕಾರ್ಡ್; ಫೈಬರಿನಲ್ಲಿ ಆ ದಾರಿ ಮುಚ್ಚಿದಂತಾಯಿತು. ಆದರೆ ಕಚೇರಿಯಿಂದ ಗೋದಾಮಿಗೆ ಹೊರಗಿನಿಂದ ಎಳೆದ ಎಕ್ಸ್‌ಟೆನ್ಷನ್ ತಂತಿ ಇದ್ದರೆ ಸಿಡಿಲಿಗೆ ಇನ್ನೂ ಒಂದು ದಾರಿ ಉಳಿದಿದೆ. ಆ ಎರಡು ಕಟ್ಟಡಗಳ ನಡುವೆಯೂ ಫೈಬರ್ ಹಾಕಿಸಿ, ಇಲ್ಲವೇ ಎರಡೂ ತುದಿಯಲ್ಲಿ ಸರ್ಜ್ ಅರೆಸ್ಟರ್ ಮತ್ತು ಸರಿಯಾದ ಅರ್ಥಿಂಗ್ ಮಾಡಿಸಿ.

ಉಡುಪಿ ಶಾಖೆಯನ್ನು ಇದೇ ಪಿಬಿಎಕ್ಸಿಗೆ ವಿಪಿಎನ್ (ಇಂಟರ್ನೆಟ್ಟಿನೊಳಗಿನ ಖಾಸಗಿ ದಾರಿ) ಮೂಲಕ ಜೋಡಿಸಿ ಒಳಕರೆ ಮಾಡಿಕೊಳ್ಳಬಹುದು. ಎಚ್ಚರ ಬೇಕಾಗಿರುವುದು ಒಂದು ಕಡೆ. ಸಾರ್ವಜನಿಕ ಜಾಲದಿಂದ ಒಂದು ಊರಿನಲ್ಲಿ ಬಂದ ಕರೆಯನ್ನು ನಿಮ್ಮ ಖಾಸಗಿ ಜಾಲದ ಮೂಲಕ ಒಯ್ದು ಇನ್ನೊಂದು ಊರಿನಲ್ಲಿ ಮತ್ತೆ ಸಾರ್ವಜನಿಕ ಜಾಲಕ್ಕೆ ಬಿಡುವುದನ್ನು ಟೋಲ್ ಬೈಪಾಸ್ ಎನ್ನುತ್ತಾರೆ. ಪರವಾನಗಿ ಇಲ್ಲದೆ ಅದು ಕಾನೂನುಬಾಹಿರ. ಶಾಖೆಯ ಹೊರಗಿನ ಕರೆಗಳು ಶಾಖೆಯ 0820 ಲೈನಿನಿಂದಲೇ ಹೋಗಲಿ, ಏನನ್ನು ಎಲ್ಲಿಗೆ ಜೋಡಿಸಬಹುದೆಂದು ಟ್ರಂಕ್ ಕೊಡುವ ಕಂಪನಿಯಿಂದ ಬರೆಸಿಕೊಳ್ಳಿ. ಹೊರದೇಶದ ಕರೆ ಅಗ್ಗವೆಂದು ಪರವಾನಗಿ ಇಲ್ಲದ ಯಾವುದೋ ಸೇವೆಯನ್ನು ಈ ಪಿಬಿಎಕ್ಸಿಗೆ ಜೋಡಿಸಲು ಯಾರಾದರೂ ಮುಂದೆ ಬಂದರೆ ಒಪ್ಪಬೇಡಿ.

ಹೊರದೇಶದ ಕರೆ ಎಂದಾಗ ಕಳ್ಳತನದ ಮಾತೂ ಬರುತ್ತದೆ. ಇಂಟರ್ನೆಟ್ಟಿಗೆ ತೆರೆದಿಟ್ಟ 5060ನೆಯ ಪೋರ್ಟನ್ನು ಹುಡುಕುತ್ತಾ ತಿರುಗುವ ಯಂತ್ರಗಳು ಹಗಲೂ ರಾತ್ರಿ ಇರುತ್ತವೆ. ಎಕ್ಸ್‌ಟೆನ್ಷನ್ 201, ಪಾಸ್‌ವರ್ಡ್ ಕೂಡ 201 ಎಂದಿದ್ದರೆ ಶನಿವಾರ ಸಂಜೆ ಒಳಹೊಕ್ಕು ಸೋಮವಾರ ಬೆಳಗಿನವರೆಗೆ ದುಬಾರಿ ದೇಶಗಳಿಗೆ ಕರೆ ಮಾಡುತ್ತಾರೆ, ಬಿಲ್ಲು ನಿಮ್ಮ ಹೆಸರಿಗೆ. ಪಿಬಿಎಕ್ಸಿನ ಯಾವ ಪುಟವೂ ಯಾವ ಪೋರ್ಟೂ ನೇರವಾಗಿ ಇಂಟರ್ನೆಟ್ಟಿಗೆ ತೆರೆದಿರಬಾರದು. ಮನೆಯಿಂದ ಕೆಲಸ ಮಾಡುವವರು ವಿಪಿಎನ್ ಮೂಲಕವೇ ಬರಲಿ. ಐಎಸ್‌ಡಿ ಸೌಲಭ್ಯ ನಿಮಗೆ ಬೇಕೇ ಬೇಕಾದ್ದರಿಂದ ನೀವು ವ್ಯವಹರಿಸುವ ದೇಶಗಳಿಗೆ ಮಾತ್ರ, ಕಚೇರಿ ವೇಳೆಯಲ್ಲಿ ಮಾತ್ರ, ಏಕಕಾಲಕ್ಕೆ ಎರಡು ಕರೆಗೆ ಮಾತ್ರ ತೆರೆಯಿಸಿ. ಸಾಧ್ಯವಿದ್ದರೆ ಮಾಸಿಕ ಮಿತಿಯನ್ನು ಕಂಪನಿಯ ಕಡೆಯಲ್ಲೂ ಹಾಕಿಸಿ.

ಕೆಲಸವನ್ನು ಮಳೆಗಾಲ ಮುಗಿದ ಮೇಲೆ, ದೀಪಾವಳಿಯ ನಂತರ ಹಿಡಿದರೆ ಮುಂದಿನ ಜೂನಿನ ಹೊತ್ತಿಗೆ ಸಣ್ಣಪುಟ್ಟ ತೊಡಕುಗಳೆಲ್ಲ ಬಗೆಹರಿದಿರುತ್ತವೆ. ಮೊದಲು ಸಿಪ್ ಟ್ರಂಕನ್ನು ಐಪಿ ಪಿಬಿಎಕ್ಸಿಗೆ ತಂದು ಎರಡು ಐಪಿ ಫೋನುಗಳಲ್ಲಿ ಮಾತ್ರ ಬಳಸಿ ನೋಡಿ. ಅಲ್ಲಿ ಧ್ವನಿ ಎರಡೂ ಕಡೆ ಕೇಳಿ, ಅರ್ಧ ಗಂಟೆ ದಾಟಿದ ಕರೆಯೂ ನಿಂತ ಮೇಲೆ ಗೇಟ್‌ವೇ ಮೂಲಕ ಹಳೆಯ ಇಪಿಎಬಿಎಕ್ಸನ್ನು ಸೇರಿಸಿ. ಎರಡನ್ನೂ ಒಟ್ಟಿಗೆ ಮಾಡಿದರೆ ದೋಷ ಯಾವ ಪೆಟ್ಟಿಗೆಯದೆಂದು ಟ್ರಂಕಿನವರೂ ಇಪಿಎಬಿಎಕ್ಸಿನವರೂ ಒಬ್ಬರ ಮೇಲೊಬ್ಬರು ಹೇಳುತ್ತಾ ಹೋಗುತ್ತಾರೆ. ಫ್ಯಾಕ್ಸ್ ಇನ್ನೂ ಬಳಸುತ್ತಿದ್ದರೆ ಕಂಪನಿ ಫ್ಯಾಕ್ಸಿಗೆಂದೇ ಇರುವ ಟಿ.38 ವಿಧಾನ ಕೊಡುತ್ತದೆಯೇ ಎಂದು ಕೇಳಿ. ಇಲ್ಲವೆಂದರೆ ಅದನ್ನು ಓಎನ್‌ಟಿಯ ಫೋನ್ ಪೋರ್ಟಿಗೇ ಜೋಡಿಸಿ ನೋಡಿ. ಉಳಿದ ತಾಮ್ರದ ಲೈನುಗಳನ್ನು ರದ್ದುಪಡಿಸುವ ಅರ್ಜಿಯನ್ನು, ಆ ಸಂಖ್ಯೆಗಳು ಬ್ಯಾಂಕ್, ಕಸ್ಟಮ್ಸ್ ಮತ್ತು ಜಿಎಸ್‌ಟಿ ನೋಂದಣಿಗಳಲ್ಲಿ ಎಲ್ಲೆಲ್ಲಿ ದಾಖಲಾಗಿವೆಯೋ ಅಲ್ಲೆಲ್ಲ ಬದಲಾದ ಮೇಲೆ ಕೊಡಿ.